ಸೋಮವಾರದವರೆಗೆ ರಜೆ

ಮೈಸೂರಿನಲ್ಲಿ ನಾವು ಸ್ಕೂಲಿಗೆ ಚಕ್ಕರ್ ಹೊಡೆದರೆ ಅಪ್ಪನ ಕೈಯಲ್ಲಿ ಬರೆಸಿದ ಎರಡು ಸಾಲಿನ ರಜಾ ಚೀಟಿ ಸಾಕಿತ್ತು. ಅಮೆರಿಕದ ಈ ಫೇರ್‌ಫ್ಯಾಕ್ಸಿನ ಸ್ಕೂಲಿನವರು ಮಾತ್ರ ಡಾಕ್ಟರ ಚೀಟಿಯೇ ಬೇಕೆಂದು ಪಟ್ಟು ಹಿಡಿದರು. ಒಂದನೇ ಕ್ಲಾಸಿನ ಮಗಳು ಜ್ವರ ಬಂದು ಸೋಮವಾರದಿಂದ ಮನೆಯಲ್ಲಿದ್ದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗದು ಹಬ್ಬದಂತಿತ್ತು. ಗಂಡ ಟ್ರಾಫಿಕ್ಕಿಗೆ ಹೆದರಿ ಬೆಳಕು ಹರಿಯುವ ಮೊದಲೇ ಆಫೀಸಿಗೆ ಹೊರಟುಬಿಡುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಹಗಲೆಲ್ಲ ಮಾತಿಗೊಬ್ಬರಿಲ್ಲದೆ, ಕುಕ್ಕರ್ ಕೂಗಿದರೂ "ಬಂದೆ, ಇರು" ಎನ್ನುವ ಮಟ್ಟಕ್ಕೆ ಬಂದಿದ್ದೆ.

ಬುಧವಾರ ಸಂಜೆ ಗಂಡ ಹೊರಗೆ ಕಾರಿನಲ್ಲೇ ಕಾಯುತ್ತಿದ್ದಾಗ ಡಾಕ್ಟರಮ್ಮ ಮಗಳನ್ನು ನೋಡಿ, ಜ್ವರ ಬಿಟ್ಟಿದೆ, ನಾಳೆಯಿಂದಲೇ ಸ್ಕೂಲಿಗೆ ಹೋಗಬಹುದು ಎಂದರು. ಇನ್ನೂ ನಿಶ್ಶಕ್ತಿ ಇದೆ, ಮುಂದಿನ ಸೋಮವಾರದವರೆಗೆ ರಜೆ ಬರೆದುಕೊಡಿ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ. ತಾಯಿಯ ಮಾತಲ್ಲವೇ, ನಂಬಿ ಬರೆದುಕೊಟ್ಟರು. ಶುಕ್ರವಾರ ಅವಳ ಕ್ಲಾಸಿನ ಮಕ್ಕಳನ್ನೆಲ್ಲ ಕುಂಬಳಕಾಯಿ ತೋಟಕ್ಕೆ ಕರೆದುಕೊಂಡು ಹೋಗುವವರಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮಲಗಿದಲ್ಲೂ ಅವಳಿಗೆ ಅದೇ ಜಪ. ಗೊತ್ತಿದ್ದೂ ಕೇಳಿದೆ. ಮರುದಿನ ಗಂಡ ಅದಕ್ಕಾಗಿಯೇ ತಡವಾಗಿ ಹೊರಟು, ಚೀಟಿಯನ್ನು ಸ್ಕೂಲಿಗೆ ಕೊಟ್ಟು ಆಫೀಸಿಗೆ ಹೋದರು.

ಶುಕ್ರವಾರ ಬೆಳಿಗ್ಗೆ ನೋಡಿದರೆ ಮಗಳು ಶೂ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಾಳೆ!

"ಇವತ್ತು ಹೋಗೋ ಹಾಗಿಲ್ಲ ಪುಟ್ಟಿ, ಡಾಕ್ಟರ್ ಬೇಡ ಅಂದಿದಾರೆ."

"ನೋ ಅಮ್ಮಾ, ಡಾಕ್ಟರ್ ಓಕೆ ಅಂದ್ರು. ನೀನು ಮಂಡೇ ಅಂದೆ."

ಅವಳ ಇಂಗ್ಲಿಷ್ ನನ್ನದಕ್ಕಿಂತ ಚುರುಕು ಎಂಬುದನ್ನೇ ಮರೆತಿದ್ದೆ. ಸಿಕ್ಕಿಬಿದ್ದ ಸಿಟ್ಟಿಗೆ ಗದರಿದೆ. ಅವಳು ಜಗ್ಗಲಿಲ್ಲ.

"ನೀನೂ ಬಾ ಅಮ್ಮಾ. ಟೀಚರ್ ಮಾಮ್ಸ್ ಕ್ಯಾನ್ ಕಮ್ ಅಂದಿದಾರೆ."

ಅಮ್ಮಂದಿರೂ ಹೋಗಬಹುದಿತ್ತೇ! ಇಡೀ ದಿನ ಅವಳ ಜೊತೆ, ನಾಲ್ಕು ಜನರ ನಡುವೆ. ಆದರೆ ಚೀಟಿ ಆಗಲೇ ಸ್ಕೂಲಿನಲ್ಲಿತ್ತು. ಅಷ್ಟು ಗಟ್ಟಿಮುಟ್ಟಾದ ಮಗುವನ್ನು ಟೀಚರ ಮುಂದೆ ಹೇಗೆ ನಿಲ್ಲಿಸಲಿ? ಅವಳ ಸಂತೋಷಕ್ಕಿಂತ ನನ್ನ ಮರ್ಯಾದೆಯೇ ದೊಡ್ಡದಾಯಿತು. ಬೇಡವೆಂದೆ. ಹೇಳುವಾಗಲೇ ಅಳು ಬಂದುಬಿಟ್ಟಿತು.

ಅವಳು ರಂಪ ಮಾಡಲಿಲ್ಲ. ಶೂ ಬಿಚ್ಚಿಟ್ಟು ಬಂದು ನನ್ನ ಕೈ ಹಿಡಿದುಕೊಂಡಳು.

"ಅಳ್ಬೇಡ ಅಮ್ಮಾ. ನಾನು ಇಲ್ಲೇ ಇರ್ತೀನಿ, ಓಕೆ?"