ಇನ್‌ಸ್ಪೆಕ್ಟರ್ ಸಾಹೇಬರ ನಾಲಿಗೆಯ ಬಣ್ಣ

ಊಟ ಮುಗಿಸಿ ಗೋಡೆಗೆ ಒರಗಿದವನ ಮುಂದೆ ಎಲೆ-ಅಡಿಕೆಯ ತಟ್ಟೆ ಬಂದು ಕೂಡುವುದು ನಮ್ಮ ಮನೆಯ ನಿತ್ಯವಿಧಿ. ಸಕ್ಕರೆಗೂ ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲಬೇಕಾದ ಈ ಯುದ್ಧಕಾಲದಲ್ಲಿ ಎಲೆಗೆ ಮಾತ್ರ ಇನ್ನೂ ಚೀಟಿ ಬಂದಿಲ್ಲ, ದೇವರು ದೊಡ್ಡವನು. ಇವತ್ತು ತಿನ್ನದೆ ಸುಮ್ಮನೆ ನೋಡುತ್ತ ಕುಳಿತದ್ದರಿಂದ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲೆ ಹಸಿರು, ಅಡಿಕೆ ಕಂದು, ಸುಣ್ಣ ಬಿಳಿ. ಮೂವರಲ್ಲಿ ಯಾರ ಬಳಿಯೂ ಕೆಂಪಿಲ್ಲ. ಹಾಗಾದರೆ ಅಗಿದವನ ಬಾಯಿಗೆ ಕೆಂಪು ಬಂದದ್ದೆಲ್ಲಿಂದ? ನಗಬೇಡಿ, ಓದುಗ ಮಹಾಶಯರೇ! ಈ ಪ್ರಶ್ನೆಗೆ ಒಮ್ಮೆ ನನ್ನ ನೌಕರಿಯೂ ಲಗ್ನವೂ ಜೊತೆಯಾಗಿ ಜೋತುಬಿದ್ದಿದ್ದವು.

ಹತ್ತು ವರ್ಷದ ಹಿಂದಿನ ಮಾತು. ಸವಣೂರಿನ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಹಂಗಾಮಿ ಮಾಸ್ತರ. ನಮ್ಮದು ಆಡೂರಿನ ವೈಷ್ಣವ ಮನೆತನ. ಅಜ್ಜ-ಮುತ್ತಜ್ಜಂದಿರು ಜೀವೇಶ್ವರರ ಭೇದವನ್ನು ಸಾಧಿಸುವುದರಲ್ಲಿಯೇ ಆಯುಷ್ಯ ಸವೆಸಿದ ಪಂಡಿತರು. ಅಂಥವರ ಕುಲದಲ್ಲಿ ಹುಟ್ಟಿದ ನನ್ನ ಪಾಲಿಗೆ ಬಂದದ್ದು ಮಿಶ್ರಣ ಮತ್ತು ಸಂಯುಕ್ತಗಳ ಭೇದ. ಆಗ ಹಿರೇಕೆರೂರಿನಲ್ಲಿ ಒಂದು ಕನ್ಯೆಯನ್ನು ನೋಡಿ, ಮನಸ್ಸನ್ನು ಅಲ್ಲಿಯೇ ಬಿಟ್ಟು ಬಂದಿದ್ದೆ. ಆದರೆ ಆಕೆಯ ತಂದೆ ಖಡಾಖಂಡಿತವಾಗಿ ಹೇಳಿದ್ದರು: "ಮೊದಲ ನೌಕರಿ ಖಾಯಂ ಆಗಲಿ, ಆಮ್ಯಾಲ ಅಕ್ಷತಿ ಮಾತು." ಖಾಯಂ ಆಗಬೇಕಾದರೆ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಪಾಠವನ್ನು ಮೆಚ್ಚಬೇಕಿತ್ತು.

ಮೆಚ್ಚಿಸುವ ಸಿದ್ಧತೆಯನ್ನೇನೋ ನಾನು ಮಾಡಿಕೊಂಡಿದ್ದೆ. ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಕೂಡಿಸಿದರೆ ಅದು ಮಿಶ್ರಣ. ಸೂಜಿಗಲ್ಲು ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ. ಅದನ್ನೇ ಕಾಸಿದರೆ ಎರಡೂ ತಮ್ಮ ಗುಣ ಬಿಟ್ಟು ಹೊಸದೊಂದು ಕರಿ ಪದಾರ್ಥವಾಗುತ್ತವೆ. ಅದು ಸಂಯುಕ್ತ, ಸೂಜಿಗಲ್ಲಿಗೆ ಕ್ಯಾರೆ ಎನ್ನುವುದಿಲ್ಲ. ಹುಬ್ಬಳ್ಳಿಯಿಂದ ಒಂದು ಸೀಸೆ ಗಂಧಕ ತರಿಸಿಟ್ಟಿದ್ದೆ. ತಪಾಸಣೆಯ ಮುಂಜಾನೆ ಕಪಾಟು ತೆಗೆದರೆ ಸೀಸೆ ಖಾಲಿ! ಶಾಲೆಯ ಗಂಟೆ ಬಾರಿಸುವ ಪಟ್ಟೇವಾಲಾ ಇಮಾಮಸಾಬ ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದ. "ನೀವs ಹೇಳಿದ್ರಲ್ಲರಿ, ಕಜ್ಜಿಗೆ ಗಂಧಕ ರಾಮಬಾಣ ಅಂತ. ಕೊಬ್ಬರಿ ಎಣ್ಣ್ಯಾಗ ಕಲಸಿ ಎಲ್ಲಾ ಹುಡುಗರಿಗೂ ಹಚ್ಚೀನ್ರಿ. ಸಾಹೇಬ್ರ ಮುಂದ ಪರಾಪರಾ ಕೆರಕೊಂಡ್ರ ನಮ್ಮ ಶಾಳಿ ಮರ್ಯಾದಿ ಏನಾಗಬೇಕ್ರಿ?" ಹೌದು, ಪಾಠದ ಭರದಲ್ಲಿ ಹಾಗೆ ಜಂಬ ಕೊಚ್ಚಿದವನು ನಾನೇ. ಮಾಡಿದ್ದುಣ್ಣೋ ಮಹಾರಾಯ! ಹಿರೇಕೆರೂರಿನ ದಾರಿ ಅಲ್ಲಿಯೇ ಮುಚ್ಚಿತು.

ಸಾಹೇಬರು ಬಂದರು, ಕುರ್ಚಿ ತುಂಬಿದರು. ಊರಿನ ಪದ್ಧತಿಯಂತೆ ಅವರ ಮುಂದೆ ಸವಣೂರಿನ ಎಳೆಯ ಎಲೆಯ ಕಟ್ಟು, ಅಡಿಕೆ, ಸುಣ್ಣದ ಡಬ್ಬಿ ಇಟ್ಟಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ನನಗೆ ಸಿಕ್ಕದ್ದು ಎಲೆ. ಎಲೆಯ ಮೇಲೆ ಅಡಿಕೆ, ಸುಣ್ಣ ಇಟ್ಟು, ಇದು ಮಿಶ್ರಣ, ಬೇಕೆಂದಾಗ ಬೇರೆ ಮಾಡಬಹುದು ಎಂದು ತೋರಿಸಿದೆ. ಇನ್ನು ಯಾರಾದರೂ ಅಗಿಯಬೇಕು! ನಾನು ಲಗ್ನವಾಗದ ಬ್ರಹ್ಮಚಾರಿ. ನಮ್ಮಲ್ಲಿ ಬ್ರಹ್ಮಚಾರಿಗೆ ತಾಂಬೂಲ ನಿಷಿದ್ಧ. ಇಮಾಮಸಾಬ ಸಾಹೇಬರ ಮರ್ಯಾದೆಗೆಂದು ತನ್ನ ಎಲೆ ಉಗುಳಿ, ಬಾಯಿ ತೊಳೆದು, ತುಟಿ ಬಿಗಿದು ನಿಂತಿದ್ದ. ಧೈರ್ಯ ಎಲ್ಲಿಂದ ಬಂತೋ, ಸಾಹೇಬರತ್ತಲೇ ಕೈ ಚಾಚಿ, "ತಾವು ದೊಡ್ಡ ಮನಸ್ಸು ಮಾಡಬೇಕ್ರಿ" ಎಂದೆ. ಅವರು ಒಂದು ಕ್ಷಣ ದುರುಗುಟ್ಟಿ ನೋಡಿ, ಎಲೆ ಬಾಯಿಗೆ ಹಾಕಿಕೊಂಡು, ಸಾವಕಾಶವಾಗಿ ಅಗಿದು, ನಾಲಿಗೆ ಚಾಚಿದರು. ನಲವತ್ತು ಹುಡುಗರು ಎದ್ದು ನಿಂತು ಸರಕಾರದ ಆ ಕೆಂಪು ನಾಲಿಗೆಯನ್ನು ನೋಡಿದರು. ಇದೇ ಸಂಯುಕ್ತ ಎಂದು ನಾನು ಸಾರಿದೆ. ಮುಂದಿನ ಸಾಲಿನವನೊಬ್ಬ ಕೂಗಿದ: "ಇನ್ನ ಸಾಹೇಬ್ರು ಏನ ಮಾಡಿದ್ರೂ ಬಿಳೀ ಸುಣ್ಣ ತಿರುಗಿ ಬರಂಗಿಲ್ರೀ!"

ಗೆದ್ದೆನೆಂದುಕೊಂಡೆ. ಹೊರಗೆ ಬಂದ ಮೇಲೆ ಸಾಹೇಬರು ಹೆಗಲ ಮೇಲೆ ಕೈಯಿಟ್ಟು, "ಮಾಸ್ತರ, ನೀವು ಕಲಿಸಿದ್ದು ತಪ್ಪು ಅದ. ನನ್ನ ಬಾಯಾಗ ಆದದ್ದು ರಾಸಾಯನಿಕ ಕ್ರಿಯಾ, ಖರೆ. ಹೊಸ ಪದಾರ್ಥ ಹುಟ್ಟಿದ್ದೂ ಖರೆ. ಆದ್ರ ಆ ಕೆಂಪು ರಸ ಒಂದs ಸಂಯುಕ್ತ ಅಲ್ಲ; ಹತ್ತಾರು ಕೂಡಿದ ಮಿಶ್ರಣನ ಅದು" ಎಂದರು. ನನ್ನ ಮುಖ ಸುಣ್ಣಕ್ಕಿಂತ ಬೆಳ್ಳಗಾಗಿರಬೇಕು. "ಲಗ್ನ ಆಗೇದೇನು?" "ಇಲ್ರಿ." "ಅದಕ್ಕs ಮತ್ತ! ಎಂದೂ ತಿನ್ನದ ಪದಾರ್ಥದ ಮ್ಯಾಲೆ ಪಾಠ ಮಾಡೀರಿ. ಹುಡುಗರಿಗೆ ಭೇದ ತಿಳದದ, ಖಾಯಂ ಮಾಡ್ರಿ ಅಂತ ಬರೀತೇನಿ. ಲಗ್ನ ಮಾಡಿಕೊಂಡು, ತಿಂದು, ಆಮ್ಯಾಲ ಪಾಠ ತಿದ್ದಿಕೋರಿ."

ಹಿರೇಕೆರೂರಿನವಳೇ ಮನೆ ತುಂಬಿದಳು. ನನ್ನ ಮೊದಲ ತಾಂಬೂಲ ಮಡಿಸಿದವಳೂ ಅವಳೇ. ಗಂಡ-ಹೆಂಡಿರೆಂದರೆ ಸಂಯುಕ್ತ, ಬೇರೆ ಮಾಡಲಾಗದು ಎಂದು ಒಮ್ಮೆ ಅವಳ ಮುಂದೆ ಪಾಂಡಿತ್ಯ ಮೆರೆದೆ. "ಹಂಗಿದ್ರ ನಿಮ್ಮ ಗೊರಕಿ ನನಗ್ಯಾಕ ಬಂದಿಲ್ಲ? ಮಿಶ್ರಣನ ಇರ್ಲಿ ಬಿಡ್ರಿ" ಎಂದಳು. ಆದರೆ ಶಾಸ್ತ್ರ ಇನ್ನೊಂದು ಭೇದವನ್ನೂ ಹೇಳುತ್ತದೆ: ಮಿಶ್ರಣದಲ್ಲಿ ಯಾವುದು ಎಷ್ಟಿದ್ದರೂ ನಡೆದೀತು, ಸಂಯುಕ್ತಕ್ಕೆ ಅಳತೆ ತಪ್ಪುವಂತಿಲ್ಲ. ಆ ಅಳತೆ ಇರುವುದು ಅವಳ ಬೆರಳ ತುದಿಯಲ್ಲಿ. ಅವಳು ತೌರಿಗೆ ಹೋಗಿ ನಾಲ್ಕು ದಿನವಾಯಿತು. ನಿನ್ನೆ ನಾನೇ ಸುಣ್ಣ ಹಚ್ಚಿಕೊಂಡು ನಾಲಿಗೆ ಸುಟ್ಟುಕೊಂಡೆ.

ಇವತ್ತು ತಟ್ಟೆ ತಂದಿಟ್ಟವಳು ಅವ್ವ. ಎಲೆ ಬಾಡುತ್ತ ಬಂದರೂ ನಾನು ಮುಟ್ಟದಿರುವುದನ್ನು ಕಂಡು, "ಯಾಕೋ, ಹಂಗs ಬಿಟ್ಟೀ?" ಎಂದಳು.

"ಸುಣ್ಣ ಸರಿ ಇಲ್ಲವ್ವಾ" ಎಂದೆ.

ಅವ್ವ ಡಬ್ಬಿಯನ್ನು ನೋಡಲೇ ಇಲ್ಲ, ನನ್ನನ್ನು ನೋಡಿದಳು. "ಸುಣ್ಣ ನೆಟ್ಟಗs ಅದ. ನಾಡದ್ದ ಮೋಟಾರಿಗೆ ಬರ್ತಾಳ, ಅಲ್ಲೀತನಕಾ ಸುಮ್ನ ಕೂಡು."