ಉಡಿಕಿಗೆ ಸಾಕ್ಷಿ

ಇಂಡಿ ತಾಲೂಕಿನ ತಾಂಬಾದಲ್ಲಿ ಹುಟ್ಟಿದ ರೇವವ್ವನಿಗೆ ಎರಡು ಸಲ ಮದುವೆಯಾಗಿತ್ತು. ಒಂದನ್ನೂ ಆಕೆ ಕಣ್ತುಂಬ ಕಂಡಿರಲಿಲ್ಲ. ಮೊದಲನೆಯದರಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ತಾಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದ ಎಳೆಯ ಹುಡುಗಿ. ಸಿಂದಗಿ ಕಡೆಯ ಕುರಿಗಾರರ ಹುಡುಗನಾಗಿದ್ದ ಆ ಗಂಡ, ಈಕೆ ದೊಡ್ಡವಳಾಗಿ ಗಂಡನ ಮನೆಗೆ ನಡೆಯುವ ಮೊದಲೇ ಹಾವು ಕಚ್ಚಿ ತೀರಿಕೊಂಡ. ಎರಡನೆಯದು ಉಡಿಕಿ. ಗಂಡ ಸತ್ತವಳನ್ನು ಮತ್ತೊಬ್ಬನಿಗೆ ಕೂಡಿಸುವ ಈ ಪದ್ಧತಿಯಲ್ಲಿ ಹಂದರವಿಲ್ಲ, ವಾಲಗವಿಲ್ಲ, ಬಾಸಿಂಗವಿಲ್ಲ. ಹೊತ್ತು ಮುಳುಗಿದ ಮೇಲೆ ಹಿರಿಯರು ಕಂಬಳಿ ಹಾಸಿ ಕೂತು, ದೇವರ ಭಂಡಾರವೆಂಬ ಅರಿಸಿನಪುಡಿ ಮುಟ್ಟಿಸಿ, ಹೊಸ ಸೀರೆ ಉಡಿಸಿ ಹೆಣ್ಣನ್ನು ಒಪ್ಪಿಸುತ್ತಾರೆ. ಮುತ್ತೈದೆಯರು ಬಾಗಿಲು ಎಳೆದುಕೊಂಡು ಒಳಗಿರುತ್ತಾರೆ. ಆ ಕಡೆ ಮುಖ ಮಾಡುವುದಿಲ್ಲ. ೧೯೬೯ರಲ್ಲಿ ಮಸೂತಿ ಎಂಬ ಊರಿನ ಅಮೋಘಸಿದ್ಧನಿಗೆ ರೇವವ್ವ ಹೀಗೆ ಹೆಂಡತಿಯಾದಳು.

ಅಮೋಘಸಿದ್ಧ ಕುರಿ ಕಾಯಲಿಲ್ಲ. ಮುಂಬೈಯ ಹಡಗುಕಟ್ಟೆಯಲ್ಲಿ ಹಡಗಿನ ತಗಡು ಬೆಸೆಯುವುದನ್ನು ಕಲಿತು, ೧೯೭೨ರಲ್ಲಿ ಕೆನಡಾಕ್ಕೆ ಹೋದ. ಹೋಗುವಾಗಿನ ಅರ್ಜಿಯಲ್ಲಿ ಮದುವೆಯಾಗಿದೆ ಎಂದೂ, ಇಂಥ ವರ್ಷ ಎಂದೂ ನಿಜವನ್ನೇ ಬರೆಸಿದ್ದ. ಅಲ್ಲಿ ಕಾಲೂರಿದ ಮೇಲೆ, ಹೆಂಡತಿಯನ್ನು ಕರೆಸಿಕೊಳ್ಳಲು ತಾನೇ ಜಾಮೀನು ನಿಲ್ಲುವೆನೆಂದು ಅಲ್ಲಿಯ ಸರಕಾರಕ್ಕೆ ಕೇಳಿಕೊಂಡ. ದೆಹಲಿಯಲ್ಲಿದ್ದ ಆ ದೇಶದ ಕಚೇರಿಯವರು ಮದುವೆಗೆ ಪುರಾವೆ ಬೇಡಿದರು.

ಪುರಾವೆ ಎಂಬುದು ಆ ಮನೆಯಲ್ಲಿ ಯಾರೂ ಕಂಡಿರದ ವಸ್ತು. ಅಮೋಘಸಿದ್ಧನ ಅಣ್ಣ ಸೋಮನಿಂಗ ರೇವವ್ವನನ್ನು ಕರೆದುಕೊಂಡು ಬಸವನ ಬಾಗೇವಾಡಿಗೆ, ಅರ್ಜಿ ಬರೆಯುವ ಚನ್ನಬಸಯ್ಯನ ಬಳಿ ಬಂದ.

"ಮೂರು ದಾರಿ ಇದ್ದುವು ನೋಡ್ರಿ," ಎಂದ ಚನ್ನಬಸಯ್ಯ. "ನಾಕ ದಿನ ಇದ್ದು ಬರೂ ಪಾವಣ್ಯಾರಂಗ ಹೋಗಿ ಅಲ್ಲೇ ಅರ್ಜಿ ಕೊಡೂದು ಒಂದು. ಅದು ಈಗ ಬಂದ್ ಆಗೇತಿ."

"ಪಾವಣ್ಯಾರಿಗೆ ಉಂಡು ಎದ್ದು ಹೋಗು ಅನ್ನೂದು ಅಲ್ಲೂ ಐತೇನ್ರಿ?" ಎಂದ ಸೋಮನಿಂಗ.

"ಎಲ್ಲಾ ಕಡೆ ಐತಿ ತಗೋ. ಎರಡನೇದು, ಉಡಿಕಿ ಮಾಡಿಸಿದ ಹಿರೇರು ಕೋರ್ಟಿನ್ಯಾಗ ಪ್ರಮಾಣ ಮಾಡಿ ಹೇಳೂದು. ಖರೇ ದಾರಿ ಅದ. ಆದ್ರ ಉಡಿಕಿ ಅಂದ್ರ ಏನಂತ ಆ ಸಾಹೇಬರಿಗೆ ತಿಳೀಬೇಕಲ್ಲ? ವರ್ಷಗಟ್ಲೆ ತಿರಗಸ್ತಾರ. ಮೂರನೇದು, ಲಗ್ನದ ಫೋಟೋ. ಬಾಸಿಂಗ ಕಟ್ಟಿದ್ದು ನೋಡಿದ್ರ ಯಾರೂ ಎರಡು ಮಾತು ಆಡೂದಿಲ್ಲ."

"ಫೋಟೋ ಎಲ್ಲಿಂದ ತರೂನ್ರಿ? ಅವತ್ತು ಕಂದೀಲ ಸುದ್ದಾ ಸಣ್ಣದು ಮಾಡಿದ್ರು."

"ನಿನ್ನ ತಮ್ಮ ಸೂಟಿ ಹಾಕಿ ಊರಿಗೆ ಬರ್ತಾನಲ್ಲ, ತಗಸ್ರಿ. ಗಂಡ-ಹೆಂಡ್ತಿ ಖರೇ ಅಂದ ಮ್ಯಾಲ ಫೋಟೋ ಹೆಂಗ ಸುಳ್ಳಾಕ್ಕೈತಿ?"

ಉಡಿಕಿ ಮಾಡಿಸಿದ ಹಿರಿಯರಲ್ಲಿ ತಾಂಬಾದ ಕಾಳಪ್ಪನೇ ಮುಖ್ಯ. ಸುದ್ದಿ ಕೇಳಿ ಅವನು ಮಸೂತಿಗೆ ಬಂದ. "ಕೋರ್ಟ್ ಯಾಕ, ದಿಲ್ಲಿ ತನಾ ಬರ್ತೇನಿ. ಕಂಬಳಿ ಹಾಸಿ ಕುಂದ್ರತೇನಿ, ಕೇಳ್ಲಿ ಏನ ಕೇಳ್ತಾರ," ಎಂದು ಮೀಸೆ ತಿರುವಿದ. ಅತ್ತೆ ಹುಚ್ಚವ್ವನಿಗಂತೂ ಫೋಟೋದ ಮಾತೇ ಸೇರಲಿಲ್ಲ. "ಬಾಸಿಂಗ ಹೆಣ್ಣಿಗೆ ಒಮ್ಮೆ. ಎರಡನೇ ಸಲ ಕಟ್ಟಿದ್ರ ಮನಿಗೆ ಚಲೋ ಅಲ್ಲ."

"ಯವ್ವಾ, ಅದು ಕಾಗದದ ಬಾಸಿಂಗ," ಎಂದ ಸೋಮನಿಂಗ. ಆಮೇಲೆ ರೇವವ್ವನ ಕಡೆ ತಿರುಗಿ, "ಹೋಗಾಕಿ ನೀನು. ನೀನ ಹೇಳು ತಂಗಿ," ಎಂದ.

ಹಿರಿಯರ ಎದುರು ಬಾಯಿ ತೆರೆಯುವ ಹೆಣ್ಣಲ್ಲ ಅದು. ಆದರೂ ತಡಮಾಡದೆ, "ಫೋಟೋನ ತಗಸೂನ್ರಿ ಭಾವಾರ," ಎಂದಳು. ವರ್ಷಗಟ್ಟಲೆ ಕಾಯುವುದು ತಪ್ಪಲೆಂದು ಹೀಗಂದಳೆಂದು ಎಲ್ಲರೂ ತಿಳಿದರು. ಒಮ್ಮೆಯಾದರೂ ಬೆಳಕಿನಲ್ಲಿ, ಹಣೆಗೆ ಬಾಸಿಂಗ ಕಟ್ಟಿಕೊಂಡು, ಎಚ್ಚರವಾಗಿ ಕೂರಬೇಕೆಂಬ ಆಸೆ ಆಕೆಯ ಹೊಟ್ಟೆಯಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಅಮೋಘಸಿದ್ಧ ಬಂದ. ಮಸೂತಿಯ ಸುತ್ತಮುತ್ತ ಎಲ್ಲರೂ ಗುರುತಿನವರೇ ಆದ್ದರಿಂದ ದೂರದ ಮುದ್ದೇಬಿಹಾಳಕ್ಕೆ ಹೋಗಿ ಸ್ಟುಡಿಯೋ ಹುಡುಕಿದರು. ಅರಮನೆಯ ಚಿತ್ರವಿದ್ದ ಪರದೆಯ ಮುಂದೆ ಇಬ್ಬರಿಗೂ ಬಾಸಿಂಗ ಕಟ್ಟಿದರು. ರೇವವ್ವ ನಗು ತಡೆಯಲಾರದೆ ನಕ್ಕಳು. "ಏ ಯವ್ವಾ, ಮದುಮಗಳು ಹಿಂಗ ನಗತಾಳೇನ? ತಲಿ ತೆಳಗ ಮಾಡು," ಎಂದು ಫೋಟೋದವನು ಗದರಿಸಿದ. ಅಂದಿನಷ್ಟು ಸುಖವಾಗಿ ಆಕೆ ಎಂದೂ ತಲೆ ತಗ್ಗಿಸಿರಲಿಲ್ಲ.

ದೆಹಲಿಯಿಂದ ಕರೆ ಬಂದಾಗ ಗಂಡ ಕೆನಡಾಕ್ಕೆ ಮರಳಿದ್ದ. ಸೋಮನಿಂಗ ಆಕೆಯನ್ನು ಕರೆದೊಯ್ದ. ಮದುವೆಯ ವರ್ಷ, ತಿಂಗಳು, ಊರು ಎಲ್ಲವನ್ನೂ ರೈಲಿನುದ್ದಕ್ಕೂ ಬಾಯಿಪಾಠ ಮಾಡಿಸಿದ. ಅಧಿಕಾರಿ ಅದಾವುದನ್ನೂ ಕೇಳಲಿಲ್ಲ. ಮದುವೆಯ ದಿನ ನಿನ್ನ ಪಕ್ಕದಲ್ಲಿ ಯಾವ ಹೆಂಗಸರು ಕೂತಿದ್ದರು, ಏನು ಹಾಡಿದರು ಎಂದು ಕೇಳಿದ. ಧಾರವಾಡದ ಇಂದುಬಾಯಿ ಎಂಬ ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದಳು.

ಭಂಡಾರ ಮುಟ್ಟಿ ಆದ ಸಂಬಂಧದ ಬಗೆಗೆ ಸುಳ್ಳು ಹುಟ್ಟಿಸುವುದು ರೇವವ್ವನ ಕೈಲಿ ಆಗುವ ಕೆಲಸವಾಗಿರಲಿಲ್ಲ. "ಹೆಂಗಸರು ಇರಲಿಲ್ರಿ. ಹೊತ್ತು ಮುಣಗಿತ್ತು. ಹಿರೇರು ಸೀರಿ ಕೊಟ್ರು, ಉಟಗೊಂಡ್ನಿ."

ಇಂದುಬಾಯಿ ದನಿ ತಗ್ಗಿಸಿದಳು. "ಯವ್ವಾ, ಫೋಟೋದಾಗ ಬಾಸಿಂಗ ಐತಲ್ಲ?"

"ಅದು ಇವರಿಗೆ ತೋರಸಾಕ ತಗಸಿದ್ದರಿ."

ಇಂದುಬಾಯಿ ಹೇಳಿದ್ದನ್ನು ಹೇಳಿದಂತೆ ಇಂಗ್ಲಿಷಿಗೆ ತಂದಳು. ಉಡಿಕಿ ಎಂದರೇನೆಂದು ತಾನಾಗಿ ವಿವರಿಸಲು ಹೋದಳು. ಅಧಿಕಾರಿ ಕೈಯೆತ್ತಿ ತಡೆದ. ಮದುವೆಯೇ ಹುಸಿಯೆಂದು ಅರ್ಜಿ ತಿರಸ್ಕೃತವಾಯಿತು. ಆಮೇಲೆ ಕಾಳಪ್ಪ ಇಂಡಿ ತಾಲೂಕಿನ ಕೋರ್ಟಿನಲ್ಲಿ ನಿಂತು ಪ್ರಮಾಣ ಮಾಡಿದ. ಒಮ್ಮೆ ಸುಳ್ಳು ಪುರಾವೆ ಕೊಟ್ಟವರ ಸಾಕ್ಷಿ ನಡೆಯದೆಂದು ದೆಹಲಿಯಿಂದ ಉತ್ತರ ಬಂತು.

೧೯೭೮ರಲ್ಲಿ ಅಮೋಘಸಿದ್ಧ ಮತ್ತೆ ಬಂದ. ಹಳೆಯ ಮದುವೆಯ ಮೇಲೆ ಇನ್ನೇನು ಬರೆಸಿದರೂ ದೆಹಲಿಯವರು ನಂಬುವುದಿಲ್ಲ, ಈಗಲೇ ಹೊಸದಾಗಿ ರಿಜಿಸ್ಟರ್ ಮದುವೆಯಾಗಿ, ಹೊಸ ಹೆಂಡತಿಯೆಂದು ಕರೆಸಿಕೊಳ್ಳುವುದೊಂದೇ ಉಳಿದಿದೆ ಎಂದು ಅಲ್ಲಿಯ ವಕೀಲ ಹೇಳಿ ಕಳಿಸಿದ್ದ. ಇಬ್ಬರೂ ಬಾಗೇವಾಡಿಯ ನೋಂದಣಿ ಕಚೇರಿಗೆ ಹೋದರು.

"ಹೆಣ್ಣು ಕುಮಾರಿನೋ, ವಿಧವಾನೋ?" ಎಂದ ಗುಮಾಸ್ತ.

ಅಮೋಘಸಿದ್ಧ ಮೊದಲ ಮದುವೆಯ ಸಂಗತಿ ಹೇಳಿದ.

"ಹಂಗಾರ ವಿಧವಾ. ನೋಟೀಸು ಹೊರಗ ಹಲಗಿ ಮ್ಯಾಲ ಹಚ್ಚತೇವಿ. ಹೆಬ್ಬಟ್ಟು ಒತ್ತವಾ."

ರೇವವ್ವ ಕೈ ಚಾಚಲಿಲ್ಲ. ಹಣೆಯ ಕುಂಕುಮವನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

"ಬರೇ ಕಾಗದ ಅದು," ಎಂದ ಗಂಡ.

"ಫೋಟೋನೂ ಬರೇ ಕಾಗದ ಅಂತ ತಿಳದಿದ್ನಿರಿ. ನೀವು ಕಣ್ಣಮುಂದ ನಿಂತಿರಿ. ನಿಮ್ಮ ಎದರಿಗೆ ನಾ ರಂಡಮುಂಡಿ ಅಂತ ಹೆಬ್ಬಟ್ಟು ಒತ್ತಲೇನು?"

ಗುಮಾಸ್ತ ಪೆನ್ನು ಕೆಳಗಿಟ್ಟ. ಒತ್ತಿದರೆ ವರ್ಷದೊಳಗೆ ವಿಮಾನ ಹತ್ತಬಹುದೆಂಬುದು ಆಕೆಗೂ ಗೊತ್ತಿತ್ತು. ಅಮೋಘಸಿದ್ಧ ಎರಡನೆಯ ಸಲ ಹೇಳಲಿಲ್ಲ. ಹೇಳಿದ್ದರೆ ಒತ್ತಿಬಿಡುತ್ತಿದ್ದೆನೇನೋ ಎಂದು ಆಕೆ ಮುಂದೆ ಎಷ್ಟೋ ವರ್ಷ ತನ್ನನ್ನೇ ಕೇಳಿಕೊಂಡಳು. ಬಿಜಾಪುರದ ಬಸ್ಸಿಗೆ ಅವನನ್ನು ಹತ್ತಿಸಿ ಮಸೂತಿಯ ದಾರಿ ಹಿಡಿದಳು. ಅವನು ಮತ್ತೆ ಬರಲಿಲ್ಲ.