ನೈಸ್ ಅಂದರೆ ಹಿಟ್ಟು

ನಾನು ಇಂಗ್ಲಿಷ್ ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನಮ್ಮ ಕಾಕಾ. ಮರಾಠಿ ಸೀಮೆಯ ಗಡಿಹಳ್ಳಿ ಉಟಗಿಯಲ್ಲಿ ಅವರದು ಹಿಟ್ಟಿನ ಗಿರಣಿ. ಹನ್ನೆರಡನೆಯ ತರಗತಿಯಲ್ಲಿ ಇಂಗ್ಲಿಷ್ ಒಂದೇ ಹೋದಾಗ, ಜೋಳ ಸುರಿಯುತ್ತಲೇ ಅಣ್ಣನ ಮಗಳಾದ ನನಗೆ ಹೇಳಿದರು:

"ಹಿಟ್ಟಿನ ಕೈಗೆ ಇಂಗ್ಲಿಷ್ ಹತ್ತೂದಿಲ್ಲ ಬೇ. ಸುಮ್ನ ಚೀಲಾ ಹಿಡಿ."

ಚೀಲ ಹಿಡಿದೆ. ಪರೀಕ್ಷೆಗೆ ಮತ್ತೆ ಕಟ್ಟಿ ಪಾಸೂ ಆದೆ. ಎಸ್‌ಟಿ ಬಸ್ಸಿನಲ್ಲಿ ಜತ್ತದ ಕಾಲೇಜಿಗೆ ಹೋಗಿಬಂದು ಬಿ.ಎ. ಕೊನೆಯ ವರ್ಷ ಮುಟ್ಟಿದೆ. ಉಳಿದದ್ದು ಇಂಗ್ಲಿಷಿನ ತೋಂಡಿ, ಅಂದರೆ ಬಾಯಿಮಾತಿನ ಪರೀಕ್ಷೆ. ಅದು ಹೋದರೆ ಪದವಿಯೂ ಹೋದ ಹಾಗೆ.

ಪರೀಕ್ಷೆ ಮಾಡುವ ಸರ್ ಕೊಟ್ಟಿದ್ದು ಒಂದೇ ಪದ: ನೈಸ್. ಅರ್ಥ ಹೇಳಬೇಕು, ವಾಕ್ಯ ಮಾಡಬೇಕು. ಗಾಬರಿಯಲ್ಲಿ ನನ್ನ ಕಣ್ಣಿಗೆ ಗಿರಣಿಯೇ ಬಂತು. ನಮ್ಮಲ್ಲಿ ಹೆಂಗಸರು ಡಬ್ಬಿ ಇಟ್ಟು "ನೈಸ್ ಬೀಸ್ರಿ" ಎಂದು ಹೇಳಿಯೇ ಹೋಗುತ್ತಾರೆ. ಹಿಟ್ಟು ನುಣ್ಣಗೆ ಬರಬೇಕು ಎಂದರ್ಥ. ಅದನ್ನೇ ಹರಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಬಾಗಿಲಲ್ಲಿ ಸರದಿ ಕಾಯುತ್ತಿದ್ದವರು ನಕ್ಕರು. ಮುಗಿಯಿತು ಎಂದುಕೊಂಡೆ.

ಸರ್ ನಗಲಿಲ್ಲ. ಮರಾಠಿಯಲ್ಲಿ ತಿಳಿಸಿ ಹೇಳಿದರು. ಚಹಾ ನೈಸ್, ಹವಾ ನೈಸ್, ಮನುಷ್ಯ ನೈಸ್ ಎಂದು ಈಗ ಚಲೋ ಇದ್ದದ್ದಕ್ಕೆಲ್ಲ ಇದನ್ನು ಹಚ್ಚುತ್ತಾರೆ. ಆದರೆ ಇದರ ಬೇರು ಲ್ಯಾಟಿನ್ನಿನಲ್ಲಿ, ಅಲ್ಲಿ ಇದರ ಅರ್ಥ 'ಏನೂ ಅರಿಯದವನು'. ಇಂಗ್ಲಿಷಿಗೆ ಬಂದಾಗ 'ದಡ್ಡ' ಎಂದಾಯಿತು. ಹೊರಳುತ್ತ ಹೊರಳುತ್ತ ನಾಜೂಕು, ಸೂಕ್ಷ್ಮ ಎಂದಾಗಿ, ಕೊನೆಗೆ ಚಲೋ ಎನ್ನುವಲ್ಲಿಗೆ ಬಂತು. ನಿನ್ನ ಹಿಟ್ಟು ಆ ನಡುವಿನ ಅರ್ಥದ ಮಗ್ಗುಲಲ್ಲೇ ಇದೆ, ತಪ್ಪಲ್ಲ ಎಂದರು.

ದಡ್ಡನಿಂದ ಹೊರಟ ಪದ ಚಲೋ ತನಕ ನಡೆದು ಬಂದದ್ದು ಕೇಳಿ ನನಗೂ ಧೈರ್ಯ ಬಂತು. ಇನ್ನೊಂದು ವಾಕ್ಯ ಕೇಳಿದಾಗ, ನಮ್ಮ ಕಾಕಾ ನೈಸ್ ಮನುಷ್ಯ ಎಂದೆ. ಯಾಕೆ ಎಂದರು. ಬಾಯಿ ಬಲು ಬಿರುಸು, ಆದರೆ ಪರೀಕ್ಷೆ ಬಂದಾಗಲೆಲ್ಲ ನನ್ನನ್ನು ಗಿರಣಿಗೆ ಕರೆಯದೆ ಚೀಲ ತಾವೇ ಹಿಡಿದವರು ಅವರು. ಅಷ್ಟನ್ನೂ ಇಂಗ್ಲಿಷಿನಲ್ಲೇ, ತಡವರಿಸುತ್ತ, ಹೇಳಿ ಮುಗಿಸಿದೆ. ಪಾಸಾದೆ. ಆ ಸರ್‌ನ ಋಣ ನನ್ನ ಮೇಲೆ ಹಾಗೇ ಇದೆ.

ಪ್ರಮಾಣಪತ್ರ ಸಿಕ್ಕ ದಿನ ಬಸ್ಸಿಳಿದು ಸೀದಾ ಗಿರಣಿಗೆ ಹೋಗಿ ಕಾಕಾನ ಮುಂದೆ ಹಿಡಿದೆ. ಅವರಿಗೆ ಓದಲು ಬರುವುದಿಲ್ಲ. ಮಶೀನು ಬಂದ್ ಮಾಡಿ, ಟವೆಲ್ಲಿಗೆ ಕೈ ಒರೆಸಿಕೊಂಡು ಇಸಿದುಕೊಂಡರು. ಬೀಸಿದ ಹಿಟ್ಟನ್ನು ನೋಡುವ ಹಾಗೆಯೇ ಕಾಗದದ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದರು.

"ಭಾಳ ನೈಸ್ ಬಂದೈತಿ, ಯವ್ವಾ."